ನೆಂಟರ ನೀರು

ಆರನೆಯ ಸೆಮಿಸ್ಟರಿನ ಕ್ಷೇತ್ರಕಾರ್ಯಕ್ಕೆಂದು ನಮ್ಮ ಕೈಗೆ ಕೊಟ್ಟ ಫಾರಂ ಹದಿನಾಲ್ಕು ಪುಟವಿತ್ತು. ಅದರಲ್ಲಿ ಹನ್ನೊಂದು ಪುಟವನ್ನು ನಮ್ಮ ಗೈಡು ಬೇರೆ ಯಾವುದೋ ರಾಜ್ಯದ, ಬೇರೆ ಯಾವುದೋ ಕಾಯಿಲೆಯ ಸಮೀಕ್ಷೆಯಿಂದ ಎತ್ತಿಕೊಂಡಿದ್ದರು. ಎಂಟನೆಯ ಪುಟದಲ್ಲಿ ‘ನಿಮ್ಮ ಮನೆಯಲ್ಲಿ ಸ್ವಂತ ದೋಣಿ ಇದೆಯೇ?’ ಎಂಬ ಪ್ರಶ್ನೆಯಿತ್ತು. ಕೆರೆಯಲ್ಲೇ ನೀರಿಲ್ಲದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಮೂವತ್ತಾರು ಮನೆಯವರನ್ನು ನಾನು ಈ ಪ್ರಶ್ನೆ ಕೇಳಿದ್ದೇನೆ. ಕೇಳದಿದ್ದರೆ ಅಂಕ ಕಡಿಯುತ್ತಿದ್ದರು.

ಬಿಎಸ್ಸಿ ಪಬ್ಲಿಕ್ ಹೆಲ್ತ್ ಎಂದರೆ ಏನೆಂದು ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಮೇಷ್ಟ್ರ ಹೆಂಡತಿ ಒಮ್ಮೆ, “ಇಂಜೆಕ್ಷನ್ ಕೊಡ್ತೀಯೇನಮ್ಮ?” ಎಂದು ಕೇಳಿದರು. ಇಲ್ಲ ಅಂದೆ. “ಮಾತ್ರೆ?” ಅದೂ ಇಲ್ಲ ಅಂದೆ. “ಮತ್ತೆ ಏನ್ ಮಾಡ್ತೀಯ?” ಎಂದರು. ಅವರು ಕೇಳಿದ್ದು ಸರಿಯಾದ ಪ್ರಶ್ನೆ ಎಂದು ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು. ಕಾಲೇಜಿನಲ್ಲಿ ನಾವು ಮಾಡಿದ್ದೆಂದರೆ ಕೈ ತೊಳೆಯುವ ಹಂತಗಳ ಚಾರ್ಟು ಬರೆದು ಗೋಡೆಗೆ ಅಂಟಿಸಿದ್ದು. ಆ ಗೋಡೆಯ ಹಿಂದಿದ್ದ ಹೆಣ್ಣುಮಕ್ಕಳ ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ.

ನನಗೂ ನನ್ನ ಜೊತೆಗಾತಿಗೂ ಬಂದ ವಿಷಯ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ. ಅದನ್ನೇ ವರ್ಷಗಟ್ಟಲೆ ಕುಡಿದರೆ ಕೀಲು ಹಿಡಿಯುತ್ತದೆ, ಮೂಳೆ ಬಾಗುತ್ತದೆ. ಸಾವಿರಾರು ಅಡಿ ಕೊರೆದು ನೀರೆತ್ತುವ ನಮ್ಮ ಕಡೆಯವರಿಗೆ ಇದು ಹೊಸ ಸುದ್ದಿಯೇನಲ್ಲ. ಗೈಡಿಗೆ ಮಾತ್ರ ಹೊಸದಾಗಿತ್ತು. ಅವರು ಬೆಂಗಳೂರಿನಿಂದ ದಿನಾ ಕಾರಿನಲ್ಲಿ ಬಂದು, ಕಾರಿನಲ್ಲೇ ತಂದ ನೀರು ಕುಡಿದು, ಸಂಜೆ ಅದೇ ಕಾರಿನಲ್ಲಿ ವಾಪಸು ಹೋಗುತ್ತಿದ್ದರು.

ನಮಗೆ ಕೊಟ್ಟ ಜಾಗ ಮಂಚೇನಹಳ್ಳಿಯ ಆಚೆ ಬಸ್ಸಿಳಿದು ಎರಡು ಮೈಲಿ ನಡೆದರೆ ಸಿಗುವ ಒಂದು ಊರಿನ ಕಾಲೊನಿ. ನಮ್ಮ ಕಡೆ ಕಾಲೊನಿ ಎಂದರೆ ಅಲ್ಲಿ ಯಾವ ಜಾತಿಯವರಿರುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ಊರಿನ ಹೆಸರು ಬರೆಯುವುದಿಲ್ಲ. ಒಮ್ಮೆ ಬರೆದು ಆಗಿರುವ ಹಾನಿ ಸಾಕು.

ಯಾರೋ ದಾನಿಗಳು ಆ ಪಂಚಾಯಿತಿಗೆ ಶುದ್ಧ ನೀರಿನ ಘಟಕವೊಂದನ್ನು ಕೊಡಲು ಒಪ್ಪಿದ್ದರು. ಒಂದೇ ಒಂದು. ಅದನ್ನು ಈ ಕಾಲೊನಿಗೆ ಹಾಕಬೇಕೋ, ಪಂಚಾಯಿತಿ ಕಚೇರಿ ಇರುವ ದೊಡ್ಡ ಊರಿಗೆ ಹಾಕಬೇಕೋ ಎಂದು ಎಳೆದಾಟ ನಡೆದಿತ್ತು. ದೊಡ್ಡ ಊರಿನಲ್ಲಿ ಆಗಲೇ ಒಂದು ಘಟಕವಿತ್ತು. ಅಲ್ಲಿನ ಹಿಂದಿನ ಬೀದಿಯವರಿಗೆ ಕ್ಯಾನು ಹೊರುವುದು ದೂರವಾಗುತ್ತದಂತೆ, ಅದಕ್ಕೆ ಇನ್ನೊಂದು ಬೇಕಂತೆ. ಪಂಚಾಯಿತಿಯ ಅಧಿಕಾರಿ, ಎಲ್ಲರೂ ಪಿಡಿಒ ಎಂದು ಕರೆಯುವ ಸುಸ್ತಾದ ಮುಖದ ಮನುಷ್ಯ, ಎರಡೂ ಕಡೆಯವರ ಬಾಯಿ ತಪ್ಪಿಸಿಕೊಳ್ಳಲು ಒಂದು ದಾರಿ ಕಂಡುಕೊಂಡಿದ್ದರು. ಕಾಲೇಜಿನವರು ಕಾಲೊನಿಯ ನೀರು ಪರೀಕ್ಷೆ ಮಾಡಿ ವರದಿ ಕೊಡಲಿ, ನೀರು ಕೆಟ್ಟಿದ್ದರೆ ಘಟಕ ಕಾಲೊನಿಗೆ, ಇಲ್ಲದಿದ್ದರೆ ದೊಡ್ಡ ಊರಿಗೆ ಎಂದುಬಿಟ್ಟಿದ್ದರು. ಮೂವತ್ತಾರು ಮನೆಯವರ ಹಲ್ಲು ಮೂಳೆಗಳ ಹಣೆಬರಹವನ್ನು ದೋಣಿಯ ಪ್ರಶ್ನೆ ಕೇಳುವ ಇಬ್ಬರು ಹುಡುಗಿಯರ ಕೈಗೆ ಕೊಟ್ಟಂತಾಯಿತು.

ಮೊದಲ ದಿನ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಳ್ಳುವುದರಲ್ಲೇ ಅರ್ಧ ಬೆಳಗು ಕಳೆಯಿತು. ಬಿಸಿಲಲ್ಲಿ ಬಿಳಿ ಕೋಟು ಹಾಕಿಸಿದ್ದರು. ಜ್ವರ ಬಂದಿದ್ದ ಒಬ್ಬ ಅಜ್ಜ ನನ್ನ ಮುಂದೆ ಬಂದು ನಾಲಗೆ ಚಾಚಿ ನಿಂತರು. ನಾವು ಡಾಕ್ಟರಲ್ಲ ಎಂದು ತಿಳಿದಾಗ ಅವರ ಮುಖ ನೋಡಬೇಕಿತ್ತು. ಫೋಟೊ ಆದ ಕೂಡಲೇ ಗೈಡು ಕಾರು ಹತ್ತಿದರು. ಮತ್ತೆ ಅವರು ಆ ಕಾಲೊನಿಗೆ ಕಾಲಿಟ್ಟದ್ದು ಒಂದೇ ಸಲ, ಅದೂ ಬೇರೆ ದಾರಿ ಇಲ್ಲದೆ.

ನನ್ನ ಜೊತೆಗಾತಿ ನಮ್ಮೂರಿನವಳೇ. ಅವಳ ಅಪ್ಪನಿಗೆ ರೇಷ್ಮೆಗೂಡು ಕೊಂಡು ನೂಲು ತೆಗೆಸುವ ವ್ಯಾಪಾರ, ಮನೆಯಲ್ಲಿ ಉರ್ದು. ಲೆಕ್ಕದಲ್ಲಿ, ಯಂತ್ರದಲ್ಲಿ ನನಗಿಂತ ಚುರುಕು. ಆಗ ರಂಜಾನ್ ತಿಂಗಳಾದ್ದರಿಂದ ಅವಳು ಹಗಲು ತೊಟ್ಟು ನೀರೂ ಮುಟ್ಟುತ್ತಿರಲಿಲ್ಲ. ನನ್ನ ಚೀಲದಲ್ಲಿ ಅಮ್ಮ ತುಂಬಿಕೊಟ್ಟ ಎರಡು ಲೀಟರಿನ ಬಾಟಲಿ ಇರುತ್ತಿತ್ತು. ‘ಎಲ್ಲೆಂದರಲ್ಲಿ ಕುಡೀಬೇಡ’ ಎಂದು ಅಮ್ಮ ಹೇಳಿದ್ದು ಆರೋಗ್ಯದ ಮಾತೆಂದು ನಾನು ನಂಬಿಕೊಂಡಿದ್ದೆ. ಅದು ಪೂರ್ತಿ ಆರೋಗ್ಯದ ಮಾತಲ್ಲ ಎಂದೂ ನನಗೆ ಗೊತ್ತಿತ್ತು. ಹೀಗೆ ನೀರಿನ ಸಮೀಕ್ಷೆಗೆಂದು ಹೋದ ನಾವಿಬ್ಬರೂ ಮೂರು ದಿನದಲ್ಲಿ ಆ ಕಾಲೊನಿಯ ಒಂದು ಗುಟುಕು ನೀರನ್ನೂ ಕುಡಿಯಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ಫ್ಲೋರೈಡ್ ಗಾಜಿಗೆ ಹತ್ತುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ಯಾವ ನೀರು ಹಿಡಿಯುತ್ತೇವೋ ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ಗಲಬರಿಸಿ ಚೆಲ್ಲಿ, ಆಮೇಲೆ ಕತ್ತಿನವರೆಗೆ ತುಂಬಬೇಕು. ಮನೆಯ ನಂಬರು ಬರೆದ ಚೀಟಿ ಅಂಟಿಸಬೇಕು. ನೀರಿನಲ್ಲಿ ಕರಗಿರುವ ಲವಣ ಎಷ್ಟೆಂದು ಪೆನ್ನಿನಂಥ ಮೀಟರು ಅದ್ದಿ ನೋಡಿ ಬರೆದುಕೊಳ್ಳಬೇಕು. ಬೋರ್‌ವೆಲ್ಲಿನ ಬಾಯಿಂದಲೇ ಒಂದು ಮಾದರಿ ಹಿಡಿಯೋಣ ಎಂದು ಜೊತೆಗಾತಿ ಹೇಳಿದ್ದಳು. ನಾವಿದ್ದ ಹೊತ್ತಿನಲ್ಲಿ ಮೋಟಾರಿಗೆ ಕರೆಂಟ್ ಇರಲಿಲ್ಲ. ಫೋನ್ ಮಾಡಿ ಕೇಳಿದರೆ ಗೈಡು, “ನಮ್ದು ಹೌಸ್‌ಹೋಲ್ಡ್ ಸ್ಟಡಿ ಕಣಮ್ಮ, ಬೋರ್ ಯಾಕೆ ಬೇಕು?” ಎಂದು ಇಟ್ಟುಬಿಟ್ಟರು.

ಹಾಗಾಗಿ ಮನೆ ಮನೆಯ ಬಾಗಿಲಲ್ಲಿ ನಿಂತು, “ನೀವು ಕುಡಿಯೋ ನೀರು ಒಂದು ಚೊಂಬು ಕೊಡೀಮ್ಮ, ಪರೀಕ್ಷೆಗೆ” ಎಂದು ಕೇಳಿದೆವು. ಯಾರೂ ಇಲ್ಲವೆನ್ನಲಿಲ್ಲ. ಪ್ರತಿ ಮನೆಯಲ್ಲೂ ಹೆಂಗಸರು ಒಳಗೆ ಹೋಗಿ, ಬೆಳಗಿದ ಸ್ಟೀಲ್ ಚೊಂಬಿನಲ್ಲಿ ತುಂಬಿ ತಂದು ಎರಡೂ ಕೈಯಲ್ಲಿ ಕೊಟ್ಟರು. ‘ಸಮುದಾಯದ ಸಹಕಾರ ಅತ್ಯುತ್ತಮ’ ಎಂದು ನಾನು ಡೈರಿಯಲ್ಲಿ ಬರೆದೆ.

ಹತ್ತೊಂಬತ್ತನೆಯ ಮನೆಯ ಹೆಂಗಸು ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿಗೆ ಹೋಗುವವಳು. ಗಂಡ ಗೌರಿಬಿದನೂರಿನಲ್ಲಿ ಗಾರೆ ಕೆಲಸಕ್ಕಿದ್ದ. ಬಾಗಿಲಲ್ಲಿ ಇಪ್ಪತ್ತರ ಮಗಳು ನಿಂತಿದ್ದಳು. ದೋಣಿಯ ಪ್ರಶ್ನೆ ಕೇಳಿ ನಕ್ಕಳು, ನಗುವಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದಳು. ಹಲ್ಲು ನೋಡಬಹುದೇ ಎಂದು ನಾನು ಟಾರ್ಚು ತೆಗೆದರೆ ತಾಯಿ ನಡುವೆ ಬಂದಳು.

“ಅವಳ್ದು ಬೇಡ ಬಿಡಮ್ಮ. ದೊಡ್ಡೋಳಾಗವ್ಳೆ.”

ಫಾರಂ ಕೇಳಿದ್ದು ಹದಿನೈದರ ಒಳಗಿನ ಮಕ್ಕಳ ಹಲ್ಲನ್ನು ಮಾತ್ರ. ಆದ್ದರಿಂದ ಬಿಟ್ಟೆ. ಹದಿನೈದರ ಒಳಗಿನವರಲ್ಲಿ ಕಂದು ಪಟ್ಟೆ ಇಲ್ಲದ ಹಲ್ಲು ಹುಡುಕುವುದೇ ಕಷ್ಟವಾಗಿತ್ತು.

ಕಾಲೇಜಿನ ಲ್ಯಾಬಿನಲ್ಲಿ ಫ್ಲೋರೈಡ್ ಅಳೆಯುವ ಮೀಟರು ಒಂದಿತ್ತು. ತಪಾಸಣೆಯವರು ಬಂದಾಗ ತೋರಿಸಲೆಂದೇ ಕೊಂಡದ್ದು, ಪ್ಯಾಕಿಂಗ್ ಥರ್ಮೋಕೋಲ್ ಕೂಡ ತೆಗೆದಿರಲಿಲ್ಲ. ಜೊತೆಗಾತಿ ಕೈಪಿಡಿ ಓದಿ, ಗೊತ್ತಿರುವ ಪ್ರಮಾಣದ ದ್ರಾವಣಗಳಲ್ಲಿ ಅದನ್ನು ಸರಿಹೊಂದಿಸಿ, ಮೂವತ್ತಾರು ಬಾಟಲಿಯನ್ನೂ ಒಂದೊಂದಾಗಿ ಅಳೆದಳು. ಎರಡು ದಿನ ಹಿಡಿಯಿತು. ಒಂದು ಬಾಟಲಿಯೂ ಮಿತಿಯ ಹತ್ತಿರಕ್ಕೂ ಬರಲಿಲ್ಲ. ಎಲ್ಲವೂ ಎಳನೀರಿನಷ್ಟು ಸಾಧು.

ಗೈಡಿಗೆ ಬಹಳ ಸಂತೋಷವಾಯಿತು. “ವೆರಿ ಗುಡ್. ತೊಂದ್ರೆ ಇಲ್ಲ ಅನ್ನೋದೂ ಒಂದು ಫೈಂಡಿಂಗೇ” ಎಂದರು.

“ಸರ್, ಮಕ್ಕಳ ಹಲ್ಲು?” ಎಂದೆ.

“ಆ ಜನ ಸರಿಯಾಗಿ ಹಲ್ಲುಜ್ಜಲ್ಲಮ್ಮ. ಎಲೆ ಅಡಿಕೆ, ಬೀಡಿ. ಅದನ್ನ ಡಿಸ್ಕಷನ್‌ನಲ್ಲಿ ಹಾಕು.”

“ಎಂಟು ವರ್ಷದ ಮಕ್ಕಳು ಸರ್.”

“ಓರಲ್ ಹೈಜೀನ್ ಅಂತ ಹಾಕು.”

ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎನ್ನುವವರು ಗಾದೆಯಲ್ಲಿ ಮಾತ್ರ ಇರುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಪಿಎಚ್‌ಡಿ ಕೂಡ ಕೊಡುತ್ತಾರೆ. ಆದರೆ ಅವರನ್ನು ಆಡಿಕೊಳ್ಳುವ ಹಕ್ಕು ನನಗಿರಲಿಲ್ಲ. ಹೇಳಿದ್ದನ್ನು ಹಾಗೇ ಟೈಪ್ ಮಾಡಿದ್ದು ನಾನು. ಕೊನೆಯಲ್ಲಿ ‘ಸದರಿ ಕಾಲೊನಿಯ ಕುಡಿಯುವ ನೀರು ಸುರಕ್ಷಿತವಾಗಿದ್ದು ಶುದ್ಧೀಕರಣ ಘಟಕದ ತುರ್ತು ಅಗತ್ಯ ಕಂಡುಬರುವುದಿಲ್ಲ’ ಎಂಬ ವಾಕ್ಯವನ್ನೂ ನಾನೇ ಬರೆದೆ. ವ್ಯಾಕರಣ ಸರಿಯಿದೆ ಎಂದು ಎರಡು ಸಲ ಓದಿಯೂ ನೋಡಿದೆ. ವರದಿ ಪಿಡಿಒ ಕಚೇರಿಗೆ ಹೋಯಿತು.

ನಾಲ್ಕು ದಿನ ಬಿಟ್ಟು ಜೊತೆಗಾತಿ ಕ್ಲಾಸಿನ ನಡುವೆ ನನ್ನ ಮುಂದೆ ನೋಟ್‌ಬುಕ್ ತಳ್ಳಿದಳು. ಲವಣದ ಅಂಕಿಗಳ ಕಾಲಮ್ಮಿನ ಕೆಳಗೆ ಗೆರೆ ಹಾಕಿದ್ದಳು.

“ಇದು ನೋಡೇ. ಎಲ್ಲಾ ಮನೇದೂ ಹೆಚ್ಚುಕಮ್ಮಿ ಒಂದೇ. ಇಷ್ಟು ಕಮ್ಮಿ ಲವಣ ಯಾವ ಬೋರ್‌ನಲ್ಲಿ ಬರತ್ತೆ?”

“ಮಳೆ ಚೆನ್ನಾಗಾಗಿತ್ತಲ್ಲ” ಎಂದೆ. ದಡ್ಡ ಮಾತು.

“ನಮ್ಮನೇಲಿ ನೂಲು ತೆಗೆಯೋ ಬಾಣಲೇಲಿ ವಾರಕ್ಕೆ ಇಷ್ಟು ದಪ್ಪ ಸುಣ್ಣ ಕಟ್ಕೊಳತ್ತೆ. ಅವರ ಮನೆ ಪಾತ್ರೆ ನೋಡ್ಲಿಲ್ವಾ? ಎಲ್ಲಾ ಬಿಳೀ ಬಿಳೀ. ಈ ನೀರು ಕಾಯಿಸಿದ್ರೆ ಅದು ಕಟ್ಟಲ್ಲ ಕಣೇ.”

ಪಾತ್ರೆ ನಾನೂ ನೋಡಿದ್ದೆ. ಬಚ್ಚಲ ಹಂಡೆಯಿಂದ ಹಿಡಿದು ಅನ್ನದ ತಪ್ಪಲೆಯವರೆಗೆ ಎಲ್ಲದರ ಒಳಗೂ ಬಿಳಿ ಪದರ ಹೆಪ್ಪುಗಟ್ಟಿತ್ತು. ಕಣ್ಣಿಗೆ ಕಂಡದ್ದನ್ನು ಬಿಟ್ಟು ಫಾರಂ ಕೇಳಿದ್ದನ್ನು ಮಾತ್ರ ಬರೆದುಕೊಳ್ಳುವುದನ್ನು ಮೂರು ವರ್ಷ ಕಲಿತಿದ್ದೆನಲ್ಲ. ಕಂಡದ್ದನ್ನು ಮರೆತಿದ್ದೆ.

ಆ ವಾರವೇ ಒಬ್ಬಳೇ ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ಸ್ಥಳದಲ್ಲೇ ಪರೀಕ್ಷಿಸುವ ಸಣ್ಣ ಕಿಟ್ ಇತ್ತು. ಹನಿ ಹಾಕಿದಾಗ ನೀರು ಗುಲಾಬಿ ಬಣ್ಣದಲ್ಲೇ ಉಳಿದರೆ ಒಳ್ಳೆಯದು, ಹಳದಿಗೆ ತಿರುಗಿದರೆ ಫ್ಲೋರೈಡ್ ಹೆಚ್ಚು. ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟಿತು. ಇನ್ನೊಂದು ಬಸ್ಸಿಗೆ ಕಾದು, ಆಮೇಲೆ ಎರಡು ಮೈಲಿ ನಡೆದು ಕಾಲೊನಿ ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು, ನನ್ನ ಬಾಟಲಿ ಖಾಲಿಯಾಗಿತ್ತು. ಆ ಊರಿನ ಆಶಾ ಕಾರ್ಯಕರ್ತೆ, ಮಾತಿಗೊಮ್ಮೆ ತೆಲುಗಿಗೆ ಜಾರುವ ದಪ್ಪನೆಯ ಹೆಂಗಸು, ನನ್ನ ಮುಖ ನೋಡಿ ಹತ್ತೊಂಬತ್ತನೆಯ ಮನೆಯ ಜಗಲಿಯಲ್ಲಿ ಕೂರಿಸಿದರು.

ಮನೆಯವಳು ಕೇಳದೆಯೇ ಚೊಂಬು ತಂದಳು. ಅದೇ ಬೆಳಗಿದ ಚೊಂಬು. ಕುಡಿದೆ. ನೀರಿಗೆ ರುಚಿಯೇ ಇರಲಿಲ್ಲ. ನಮ್ಮ ಕಡೆ ಬೋರ್ ನೀರೆಂದರೆ ಗಂಟಲಲ್ಲಿ ಸ್ವಲ್ಪ ಒಗರು ನಿಲ್ಲುತ್ತದೆ. ಇದು ಹಾಗೇ ಜಾರಿ ಹೋಯಿತು. ಅಷ್ಟರಲ್ಲಿ ಮಗಳು ಸೊಪ್ಪು ಕೊಯ್ದು ಬಂದಳು. ಮೂಲೆಯಲ್ಲಿದ್ದ ನೀಲಿ ಡ್ರಮ್ಮಿಗೆ ಲೋಟ ಅದ್ದಿ ಎರಡು ಸಲ ಗಟಗಟ ಕುಡಿದಳು.

“ಅವಳು ಕುಡಿದದ್ದು ಯಾವ ನೀರು?” ಎಂದು ಕೇಳಿದೆ.

“ಅದು ಬೋರ್‌ದು ಕಣಮ್ಮ.”

“ನನಗೆ ಕೊಟ್ಟಿದ್ದು?”

“ಫಿಲ್ಟರ್ ನೀರು. ದೊಡ್ಡೂರಿಂದ ಒಂದು ಕ್ಯಾನ್ ತಂದು ಇಕ್ಕಿರ್ತೀವಿ, ಯಾರಾನ ಬಂದ್ರೆ ಬೇಕಲ್ಲ.”

“ಆವತ್ತು ಬಾಟ್ಲಿಗೆ ಹಾಕಿದ್ದು?”

“ಅದೇ. ಕಾಲೇಜಿನೋರು ಬಾಟ್ಲಿ ಹಿಡ್ಕೊಂಡು ಬಾಗ್ಲಿಗೆ ಬಂದವ್ರೆ, ಡ್ರಮ್ಮಿನ ನೀರು ಹುಯ್ದು ಕಳ್ಸದಾ?”

“ನೀವು ಕುಡಿಯೋ ನೀರು ಕೊಡಿ ಅಂತ ಕೇಳಿದ್ನಲ್ಲಮ್ಮ ನಾನು.”

“ನೀನು ಕೇಳ್ತೀಯ. ನಾವು ಕೊಡಕ್ಕಾಯ್ತದಾ?” ಎಂದಳು. ಆಮೇಲೆ ಖಾಲಿ ಚೊಂಬು ಎತ್ತಿಕೊಳ್ಳುತ್ತ ಹೇಳಿದಳು: “ನಮ್ಮನೇಲಿ ನೀವು ಕುಡಿಯಲ್ಲ, ಗೊತ್ತು. ನಿನ್ನ ಬಾಟ್ಲು ನೋಡಿದ್ದೆ ಆವತ್ತೇ. ಆದ್ರೂ ಇಕ್ಕಿರ್ತೀವಿ.”

ನನಗೆ ನಾಚಿಕೆಯಾಯಿತು. ತಲೆ ಎತ್ತಲಾಗದಷ್ಟು ನಾಚಿಕೆ. ಆಶಾ ಕಾರ್ಯಕರ್ತೆಯನ್ನು ನೋಡಿದರೆ ಅವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, “ಅಂದರಿ ಇಂಟ್ಲೋ ಅಂತೇ, ಎಲ್ಲಾರ ಮನೇಲೂ ಹಂಗೇನಮ್ಮ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ” ಎಂದರು.

ಅಂದರೆ ನಾವು ಮೂರು ದಿನ ಬಿಸಿಲಲ್ಲಿ ತಿರುಗಿ, ಮೂವತ್ತಾರು ಬಾಟಲಿಯಲ್ಲಿ ದೊಡ್ಡ ಊರಿನ ಘಟಕದ ನೀರನ್ನೇ ತುಂಬಿಕೊಂಡು ಹೋಗಿದ್ದೆವು. ಅದು ಶುದ್ಧವಾಗಿದೆ ಎಂದು ಎರಡು ದಿನ ಕೂತು ಅಳೆದಿದ್ದೆವು. ಅದರ ಬಲದ ಮೇಲೆ ಕಾಲೊನಿಗೆ ಘಟಕ ಬೇಡ, ದೊಡ್ಡ ಊರಿಗೇ ಇನ್ನೊಂದು ಕೊಡಿ ಎಂದು ಸರ್ಕಾರಿ ಭಾಷೆಯಲ್ಲಿ ಬರೆದುಕೊಟ್ಟಿದ್ದೆವು. ಇದಕ್ಕಿಂತ ಮನೆಯಲ್ಲೇ ಕೂತು ಸುಳ್ಳು ಅಂಕಿ ತುಂಬಿದ್ದರೆ ಕಾಲೊನಿಗೆ ಒಳ್ಳೆಯದಾಗುತ್ತಿತ್ತೋ ಏನೋ. ನಮ್ಮ ತರಗತಿಯ ಅರ್ಧ ಜನ ಹಾಗೇ ಮಾಡಿದ್ದರು, ಎಲ್ಲರೂ ಪಾಸಾದರು.

ಡ್ರಮ್ಮಿನ ನೀರಿಗೆ ಅಲ್ಲೇ ಕಿಟ್ಟಿನ ಹನಿ ಹಾಕಿದೆ. ನೋಡನೋಡುತ್ತಿದ್ದಂತೆ ಹಳದಿಯಾಯಿತು. ಒಂದು ಬಾಟಲಿ ತುಂಬಿಕೊಳ್ಳಲೇ ಎಂದು ಕೇಳಿದಾಗ ಮನೆಯವಳು ಡ್ರಮ್ಮಿನ ಮುಚ್ಚಳ ಹಾಕಿದಳು.

“ಬೇಡ ಕಣಮ್ಮ. ಇವಳಿಗೆ ಗಂಡು ಗೊತ್ತಾಗೈತೆ, ಚಿಂತಾಮಣಿ ಕಡೆಯೋರು. ಈ ಊರ ನೀರು ಕೆಟ್ಟದ್ದು ಅಂತ ಕಾಗದದಾಗೆ ಬಂದ್ರೆ, ಮೂಳೆ ಗಟ್ಟಿ ಇಲ್ಲದ ಹೆಣ್ಣು ಅಂತಾರೆ. ಲಗ್ನ ಒಂದು ಆಗೋಗ್ಲಿ, ಆಮ್ಯಾಕೆ ಏನಾನ ಬರ್ಕೊ.”

ಮಗಳು ಒಳಗಿನಿಂದ ನಮ್ಮನ್ನೇ ನೋಡುತ್ತಿದ್ದಳು. ನಾನು ಸರಿ ಎಂದು ಎದ್ದೆ.

ಮೋಟಾರಿಗೆ ಕರೆಂಟು ಕೊಡುವುದು ಬೆಳಿಗ್ಗೆ ಆರರಿಂದ ಏಳರವರೆಗೆ ಎಂದು ಆಶಾ ಕಾರ್ಯಕರ್ತೆ ಹೇಳಿದರು. ಬೋರಿನ ಬಾಯಿಂದಲೇ ಹಿಡಿದರೆ ಯಾರ ಮನೆಯ ಮರ್ಯಾದೆಯ ಪ್ರಶ್ನೆಯೂ ಬರುವುದಿಲ್ಲ. ಜೊತೆಗಾತಿಯ ಚಿಕ್ಕಮ್ಮನ ಮನೆ ಅಲೀಪುರದಲ್ಲಿತ್ತು. ಅವಳೂ ನಾನೂ ಮುಂದಿನ ವಾರ ಅಲ್ಲಿ ಉಳಿದು, ಬೆಳಕು ಹರಿಯುವಾಗ ಆಟೊ ಹಿಡಿದು ಕಾಲೊನಿಗೆ ಹೋದೆವು. ಪೈಪಿನಲ್ಲಿ ನಿಂತ ಹಳೆಯ ನೀರು ಹೋಗಲೆಂದು ಹತ್ತು ನಿಮಿಷ ಬಿಟ್ಟು, ಆಮೇಲೆ ಮೂರು ಬಾಟಲಿ ಹಿಡಿದೆವು. ಲ್ಯಾಬಿನ ಮೀಟರಿನಲ್ಲಿ ಮೂರೂ ಮಿತಿಯ ಎರಡರಷ್ಟನ್ನು ದಾಟಿದವು. ಮತ್ತೆ ಮತ್ತೆ ಅಳೆದರೂ ಅಷ್ಟೇ.

ಗೈಡಿನ ಕೋಣೆಗೆ ಹೋದಾಗ ಅವರು ನಮ್ಮ ವರದಿಯನ್ನೇ ಒಂದು ಸಮ್ಮೇಳನದ ಪೋಸ್ಟರ್ ಮಾಡಿಸುತ್ತಿದ್ದರು. ಬಣ್ಣ ಆರಿಸುವ ಕೆಲಸ ನಡೆದಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ಒಂದು ಬೋರ್ ಸ್ಯಾಂಪಲ್ ಇಟ್ಕೊಂಡು ಮೂವತ್ತಾರು ಮನೆ ಡೇಟಾ ಬಿಸಾಕಕ್ಕಾಗತ್ತಾ?”

“ಆ ಮೂವತ್ತಾರೂ ಒಂದೇ ಘಟಕದ ನೀರು ಸರ್. ನೆಂಟರಿಗೆ ಇಟ್ಟಿದ್ದ ನೀರು.”

“ಅವ್ರು ಈಗ ಹಾಗೆ ಹೇಳ್ತಾರೆ. ಘಟಕ ಬೇಕಲ್ಲ ಅವರಿಗೆ.”

“ಹೇಳ್ಲೇ ಇಲ್ಲ ಸರ್ ಅವ್ರು. ನಾನು ನೋಡಿದ್ದು.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಮ್ಮ, ರಿಪೋರ್ಟ್ ಹೋಗಿದೆ. ನನ್ನ ಸಹಿ ಇದೆ, ಪ್ರಿನ್ಸಿಪಾಲ್ ಸಹಿ ಇದೆ. ಪ್ರಾಜೆಕ್ಟ್ ಮಾರ್ಕ್ಸ್ ನನ್ನ ಕೈಲಿದೆ. ಪ್ರಾಜೆಕ್ಟ್ ಹೋದ್ರೆ ಡಿಗ್ರಿ ಇನ್ನೊಂದ್ ವರ್ಷ ಮುಂದಕ್ಕೆ. ಮನೇಲಿ ಕೇಳ್ಕೊಂಡು ಬಾ” ಎಂದು ಮತ್ತೆ ಬಣ್ಣದ ಕಡೆ ತಿರುಗಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಪಿಡಿಒಗೆ ನಾವೇ ಪತ್ರ ಬರೆಯೋಣ ಎಂದೆ. ಜೊತೆಗಾತಿ ಚೀಲದಿಂದ ನೋಟ್‌ಬುಕ್ ತೆಗೆದಳು. “ನಾನು ಸಹಿ ಹಾಕಲ್ಲ ಕಣೇ. ಒಂದು ವರ್ಷ ಹೋದ್ರೆ ಅಬ್ಬ ಓದು ಬಿಡಿಸ್ತಾರೆ. ಲ್ಯಾಬ್ ನೋಟ್‌ಬುಕ್ ಬೇಕಿದ್ರೆ ತಗೊ” ಎಂದಳು. ಅವಳು ಸುಳ್ಳು ಹೇಳುವವಳಲ್ಲ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇದ್ದ ತಿರಸ್ಕಾರವೆಲ್ಲ ಗೈಡಿಗೂ ನನಗೂ ಹಂಚಿ ಮುಗಿದಿತ್ತು.

ನನ್ನನ್ನು ತಡೆದದ್ದು ಅಂಕವಲ್ಲ, ಡ್ರಮ್ಮಿನ ಮುಚ್ಚಳ. ಲಗ್ನ ಆಗಲಿ ಎಂದು ಆಕೆ ಕೇಳಿಕೊಂಡಿದ್ದಳು, ನಾನು ಸರಿ ಎಂದಿದ್ದೆ. ಆದರೆ ಪಂಚಾಯಿತಿ ಸಭೆ ಇದ್ದದ್ದು ಮುಂದಿನ ಸೋಮವಾರ. ಆ ದಿನ ಘಟಕ ದೊಡ್ಡ ಊರಿಗೆ ಹೋದರೆ ಕಾಲೊನಿಗೆ ಮತ್ತೊಂದು ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಒಂದು ಹುಡುಗಿಯ ಲಗ್ನ ಒಂದು ಕಡೆ, ಮೂವತ್ತಾರು ಮನೆಯ ಮಕ್ಕಳು ಇನ್ನೊಂದು ಕಡೆ. ಪಬ್ಲಿಕ್ ಹೆಲ್ತ್ ಎಂದರೆ ಜನರನ್ನು ಒಟ್ಟಾಗಿ ನೋಡುವುದು ಎಂದು ಮೊದಲ ವರ್ಷವೇ ಹೇಳಿಕೊಟ್ಟಿದ್ದರು. ಹೇಳುವುದು ಸುಲಭ. ಪತ್ರದಲ್ಲಿ ಯಾರ ಮನೆಯ ಹೆಸರನ್ನೂ ಬರೆಯಲಿಲ್ಲ. ಊರಿನ ಹೆಸರು ಬರೆಯದೆ ಪತ್ರ ಬರೆಯಲು ಬರುವುದಿಲ್ಲ. ಬರೆದೆ. ‘ಹಿಂದಿನ ವರದಿಯ ಮಾದರಿಗಳು ಅತಿಥಿಗಳಿಗೆಂದು ಹೊರಗಿನಿಂದ ತಂದ ನೀರಿನವು. ಆ ತಪ್ಪು ಮಾಡಿದವಳು ನಾನು’ ಎಂದು ಸಹಿ ಹಾಕಿ, ಬೋರಿನ ಅಂಕಿಗಳನ್ನು ಲಗತ್ತಿಸಿ, ಕೈಯಾರೆ ಕೊಟ್ಟು ಬಂದೆ.

ಪಿಡಿಒ ಪತ್ರವನ್ನು ಎರಡು ಸಲ ಓದಿದರು. “ಸರ್ ಒಂದು ಬರೀತಾರೆ, ನೀನೊಂದು ಬರೀತೀಯ. ನಾನು ಯಾವ್ದನ್ನ ನಂಬ್ಲಿ?” ಎಂದು ಹಣೆ ಒತ್ತಿಕೊಂಡರು. “ಶನಿವಾರ ನಾನೇ ಬರ್ತೀನಿ. ನಿಮ್ ಸರ್‌ನೂ ಕರೀತೀನಿ. ನನ್ನ ಕಣ್ಣೆದುರಿಗೆ ಮನೇಲಿ ಕುಡಿಯೋ ನೀರು ಪರೀಕ್ಷೆ ಆಗ್ಲಿ.”

ಶನಿವಾರ ಗೈಡು ಕಾರಿನಿಂದ ಇಳಿದು ಮೂಗಿಗೆ ಕರವಸ್ತ್ರ ಹಿಡಿದರು. ಮೊದಲ ಮೂರು ಮನೆಯವರು, ಅಧಿಕಾರಿ ಬಂದಿದ್ದಾರೆಂದು, ಬೆಳಗಿದ ಚೊಂಬಿನಲ್ಲಿ ಫಿಲ್ಟರ್ ನೀರನ್ನೇ ತಂದರು. ಕುಡಿಯುವುದನ್ನೇ ಕೊಡಿ ಎಂದು ಪಿಡಿಒ ಗದರಿದರೂ, ಇದೇ ಸ್ವಾಮಿ ಎಂದರು. ಸಹಿ ಹಾಕದಿದ್ದರೂ ಕಿಟ್ ಹಿಡಿದು ಬಂದಿದ್ದ ಜೊತೆಗಾತಿ ಹನಿ ಹಾಕಿದರೆ ಮೂರು ಸಲವೂ ಗುಲಾಬಿ. ಗೈಡು ನನ್ನ ಕಡೆ ನೋಡಿ ಮುಗುಳ್ನಕ್ಕರು. ಡ್ರಮ್ಮಿಗೆ ಕೈ ಹಾಕಿ ತೆಗೆಯಬಹುದಿತ್ತು, ಆದರೆ ಪಿಡಿಒ ಯಾರ ಮನೆಯ ಹೊಸ್ತಿಲೂ ದಾಟಲಿಲ್ಲ. ಅವರದ್ದೂ ಏನೋ ಮರ್ಯಾದೆಯಂತೆ.

ಆಶಾ ಕಾರ್ಯಕರ್ತೆ ಹತ್ತೊಂಬತ್ತನೆಯ ಮನೆಯ ಮುಂದೆ ನಿಂತರು. ಬೇರೆ ಮನೆಗೆ ಹೋಗೋಣ ಎಂಬ ಮಾತು ನನ್ನ ಬಾಯಿಗೆ ಬಂತು, ಅನ್ನಲಿಲ್ಲ. ಮನೆಯವಳು ಎಲ್ಲರನ್ನೂ ನೋಡಿದಳು. ನನ್ನನ್ನೂ ನೋಡಿದಳು. ಬೀದಿಯಲ್ಲಿ ಕಂದು ಹಲ್ಲಿನ ಮಕ್ಕಳು ಗುಂಪು ಕಟ್ಟಿ ನಿಂತಿದ್ದರು. ಆಕೆ ಒಳಗೆ ಹೋಗಿ ಬರಲು ಬಹಳ ಹೊತ್ತಾಯಿತು. ಒಳಗೆ ತಾಯಿ ಮಗಳ ಮಾತು ಏರಿ, ಥಟ್ಟನೆ ನಿಂತದ್ದು ಕೇಳಿಸಿತು. ಬಂದಾಗ ಎರಡು ಕೈಯಲ್ಲಿ ಎರಡು ಚೊಂಬು. ಹೊಳೆಯುವುದನ್ನು ಪಿಡಿಒ ಕೈಗೆ ಕೊಟ್ಟಳು.

“ಇದು ಕುಡಿಯಕ್ಕೆ, ಸ್ವಾಮಿ.” ಒಳಗೆ ಬಿಳಿ ಪದರ ಕಟ್ಟಿದ ಇನ್ನೊಂದನ್ನು ನೆಲದ ಮೇಲಿಟ್ಟಳು. “ಇದು ನಾವು ಕುಡಿಯೋದು.”

ಜೊತೆಗಾತಿ ಹನಿ ಹಾಕಿದಳು. ಹಳದಿ. ಪಿಡಿಒ ತಾವೇ ಇನ್ನೊಂದು ಸಲ ಹಾಕಿ ನೋಡಿದರು. ಆಮೇಲೆ ಮೊದಲಿನ ಮೂರು ಮನೆಯವರೂ ಒಬ್ಬೊಬ್ಬರಾಗಿ ಡ್ರಮ್ಮಿನ ನೀರು ಹೊತ್ತು ತಂದರು. ಎಲ್ಲದಕ್ಕೂ ಅದೇ ಬಣ್ಣ.

“ನನಗೆ ಮೊದ್ಲಿಂದಾನೇ ಡೌಟ್ ಇತ್ತು ಸರ್” ಎಂದರು ನಮ್ಮ ಗೈಡು.

ಘಟಕ ಕಾಲೊನಿಗೆ ಬಂತು. ಗೈಡು ಪೋಸ್ಟರನ್ನು ಹೊಸದಾಗಿ ಬರೆದರು. ಗ್ರಾಮೀಣ ಆತಿಥ್ಯದಿಂದ ಸಮೀಕ್ಷೆಯಲ್ಲಾಗುವ ದೋಷವನ್ನು ತಾವು ಹೇಗೆ ಕಂಡುಹಿಡಿದರು ಎಂಬುದೇ ಈಗ ಅದರ ವಿಷಯ, ಅದಕ್ಕೊಂದು ಬಹುಮಾನವೂ ಬಂತು. ನನ್ನ ಪ್ರಾಜೆಕ್ಟಿಗೆ, ಮೇಲಿನವರನ್ನು ಮೀರಿ ಪತ್ರ ಬರೆದ ಅಶಿಸ್ತಿಗಾಗಿ, ಫೇಲ್ ಹಾಕಿದರು. ಮರುವರ್ಷ ಕೈ ತೊಳೆಯುವ ಅಭ್ಯಾಸದ ಬಗ್ಗೆ ಪ್ರಾಜೆಕ್ಟ್ ಮಾಡಿ ಒಳ್ಳೆಯ ಅಂಕ ತೆಗೆದುಕೊಂಡೆ. ಅದರಲ್ಲಿ ಹೊಸದೇನೂ ಇರಲಿಲ್ಲ.

ಘಟಕ ಶುರುವಾಗಿ ತಿಂಗಳು ಕಳೆದ ಮೇಲೆ ಒಮ್ಮೆ ಅಲ್ಲಿಗೆ ಹೋದೆ. ಕ್ಯಾನು ಹಿಡಿದವರ ಸಾಲಿನಲ್ಲಿ ಹತ್ತೊಂಬತ್ತನೆಯ ಮನೆಯವಳು ನಿಂತಿದ್ದಳು. ಪಕ್ಕದಲ್ಲಿ ಹೋಗಿ ನಿಂತೆ. ಏನು ಮಾತಾಡಬೇಕೆಂದು ತೋಚದೆ, ನೀರು ಚೆನ್ನಾಗಿ ಬರ್ತಿದೆಯಾ ಎಂದು ಕೇಳಿದೆ.

“ಬರ್ತದೆ” ಎಂದಳು. “ಚಿಂತಾಮಣಿಯೋರು ಬರ್ಲಿಲ್ಲ. ಊರ ಹೆಸ್ರು ಅವರ ಕಿವಿಗೂ ಬಿತ್ತು.”

ನಾನು ಆಕೆಯ ಖಾಲಿ ಕ್ಯಾನಿನ ಕಡೆ ನೋಡಿದೆ.

“ಕಾಗದ ಬರ್ದೋಳು ನೀನಂತೆ.”

“ಹೌದು.”

“ಗೊತ್ತಿದ್ದೂ ಬರ್ದೆ.”

“ಗೊತ್ತಿದ್ದೂ ಬರೆದೆ.”

ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ಆಕೆ ಕಾಲಿನಿಂದಲೇ ಕ್ಯಾನನ್ನು ಮುಂದೆ ತಳ್ಳಿದಳು.

“ನಾನೂ ಗೊತ್ತಿದ್ದೇ ಚೊಂಬು ತಂದೆ ಬಿಡು. ನಿನ್ನ ಮ್ಯಾಲೆ ಹಾಕಿ ಏನು ಬಂತು?” ಎಂದು ನಲ್ಲಿಯ ಕಡೆ ನೋಡುತ್ತ ಹೇಳಿದಳು. “ಮಗಳು ನನ್ನತ್ರ ಮಾತು ಬಿಟ್ಟವ್ಳೆ. ಬಿಡ್ಬೇಕಾದ್ದೇ. ಅವಳ ಬಾಳು ಕಣಮ್ಮ ಅದು. ಅವಳ್ನ ನೀನೂ ಒಂದು ಮಾತು ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ.”